ಪರರ ಕೂಸನ್ನು ತಿರುಗಿ ಕೊಡುವದಕ್ಕಾಗಿ ಸಾಕುವದು

ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಸಾಕುಮಗ ಎಂಬ ಮಾತನ್ನು ಅರಿಯದವರು ಇಲ್ಲ. ಅಕ್ಕನು ತೀರಿಹೋದರೆ ಅವಳ ಮಕ್ಕಳನ್ನು ತಂಗಿಯು ತನ್ನ ಮಕ್ಕಳ ಪಂಕ್ತಿಯಲ್ಲಿಯೇ ಕೂಡ್ರಿಸಿ ಉಣ್ಣಿಸುವದೂ, ತಂದೆಯಿಲ್ಲದ ಹುಡುಗನನ್ನು ಸೋದರಮಾವನು ಕರಕೊಂಡು ಬಂದು ಶಾಲೆಗೆ ಹಾಕುವದೂ ನಮ್ಮ ಹಳ್ಳಿಗಳಲ್ಲಿ ಯಾರೂ ಕಲಿಸದೆ ನಡೆದು ಬಂದಿರುವ ಪದ್ಧತಿಗಳು. ಧಾರವಾಡಕ್ಕೆ ಓದುವದಕ್ಕೆಂದು ಬಂದ ಎಷ್ಟೋ ಬಡ ವಿದ್ಯಾರ್ಥಿಗಳು ಹಿಂದೆ ವಾರಾನ್ನದಿಂದ ಬೆಳೆದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳು ಕೂಡಿ ಒಬ್ಬ ಹುಡುಗನಿಗೆ ಅನ್ನ ಹಾಕಿದವು. ಅವನ ಹೊಟ್ಟೆ ತುಂಬಿತೆಂಬದು ನಿಜ. ಆದರೆ ಜ್ವರ ಬಂದ ರಾತ್ರಿಯಲ್ಲಿ ಅವನ ಹಣೆಯನ್ನು ಮುಟ್ಟಿ ನೋಡುವ ಪಾಳಿ ಯಾವ ಮನೆಯದೆಂಬದು ಗೊತ್ತಿರಲಿಲ್ಲ. ಆ ಪಾಳಿಯನ್ನು ಒಂದೇ ಮನೆಯು ಹೊತ್ತುಕೊಳ್ಳುವ ಕ್ರಮವನ್ನು ಕುರಿತು ಈ ತಿಂಗಳ ಪಾಠದಲ್ಲಿ ವಿಚಾರಿಸುವೆವು.

ಹೆತ್ತವರಿಲ್ಲದ, ಇಲ್ಲವೆ ಹೆತ್ತವರಿದ್ದೂ ಅವರಿಂದ ಸಾಕಲ್ಪಡಲಾರದ ಮಗುವನ್ನು ಒಂದು ಕುಟುಂಬವು ಸ್ವಲ್ಪ ಕಾಲವಾಗಲಿ ದೀರ್ಘಕಾಲವಾಗಲಿ ತನ್ನ ಮನೆಯಲ್ಲಿಟ್ಟು ಸಾಕುವದಕ್ಕೆ ಪೋಷಕತ್ವವೆಂದೂ, ಆ ಮನೆಯವರಿಗೆ ಪೋಷಕ ಕುಟುಂಬವೆಂದೂ ಹೆಸರು. ಇದು ದತ್ತಕವಲ್ಲ. ದತ್ತು ತಕ್ಕೊಂಡವರು ಮಗುವಿಗೆ ತಮ್ಮ ಹೆಸರನ್ನೂ ಆಸ್ತಿಯ ಹಕ್ಕನ್ನೂ ಕೊಡುವರು. ಹೆತ್ತವರ ಸಂಬಂಧವು ಕಾನೂನಿನ ದೃಷ್ಟಿಯಲ್ಲಿ ಅಲ್ಲಿಗೆ ತೀರಿತು. ಪೋಷಕ ಕುಟುಂಬದಲ್ಲಿಯಾದರೋ ಆ ಸಂಬಂಧವು ತೀರುವದಿಲ್ಲ. ತಾಯಿಯು ದೀರ್ಘ ರೋಗದಿಂದ ಆಸ್ಪತ್ರೆಯಲ್ಲಿದ್ದಾಳೆ, ತಂದೆಯು ಸೆರೆಮನೆಯಲ್ಲಿದ್ದಾನೆ, ಇಲ್ಲವೆ ಕುಡಿತಕ್ಕೆ ಬಿದ್ದು ಮಕ್ಕಳ ಗೊಡವೆಯನ್ನೇ ಬಿಟ್ಟಿದ್ದಾನೆ ಎಂದಿಟ್ಟುಕೊಳ್ಳಿರಿ. ಇಂಥವರು ನೆಟ್ಟಗಾದರೆ ಮಗು ಅವರ ಬಳಿಗೆ ತಿರುಗಿ ಹೋಗತಕ್ಕದ್ದು. ಅಷ್ಟರಲ್ಲಿ ಅವರು ನಡುನಡುವೆ ಬಂದು ಮಗುವನ್ನು ಕಂಡು ಮಾತಾಡುವದಕ್ಕೂ ಕಾಯ್ದೆಯು ಅವಕಾಶ ಕೊಟ್ಟಿದೆ. ಅದರಿಂದ ಮಗುವಿಗೆ ಹಿತವಿಲ್ಲವೆಂದು ಕಂಡರೆ ಮಾತ್ರ ತಡೆಯುವದುಂಟು.

ಈ ಕಾಯ್ದೆಯು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯಾಗಿದ್ದು 2016ನೇ ಜನವರಿ 15ರಿಂದ ಜಾರಿಯಲ್ಲಿದೆ. ಅದರ 44ನೇ ಕಲಮು ಪೋಷಕತ್ವವನ್ನು ಕುರಿತದ್ದು. ಮಗುವನ್ನು ಯಾವ ಮನೆಗೆ ಕೊಡಬೇಕೆಂದು ಅಪ್ಪಣೆ ಮಾಡುವ ಅಧಿಕಾರವು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು. ಅದರಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವರು, ಅವರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. ಕೆಲಸವನ್ನು ನಡಿಸುವದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಸರಕಾರೇತರ ಸೇವಾಸಂಸ್ಥೆಗಳು ಈ ಎರಡಕ್ಕೂ ಕೈಗೂಡಿಸಿ, ಕುಟುಂಬಗಳನ್ನು ಹುಡುಕುವ ಹಾಗೂ ಬೆನ್ನಿಗೆ ನಿಲ್ಲುವ ಕೆಲಸವನ್ನು ಮಾಡಬಹುದು.

ಇಲ್ಲಿ ನಮ್ಮ ಸಭೆಗಳ ಹಿರಿಯರಲ್ಲಿ ಉಳಿದಿರುವ ಒಂದು ಹಳೇ ತಿಳುವಳಿಕೆಯನ್ನು ತಿದ್ದಬೇಕಾಗಿದೆ. ಕ್ರೈಸ್ತರು ಮಕ್ಕಳನ್ನು ದತ್ತು ತಕ್ಕೊಳ್ಳಲಾರರು, ಸಾಕಬಹುದು ಅಷ್ಟೇ, ಎಂದು ಅವರು ಹೇಳುವದುಂಟು. ಒಂದು ಕಾಲದಲ್ಲಿ ಅದು ಸರಿಯಾಗಿತ್ತು. ಯಾಕಂದರೆ 1956ರ ಹಿಂದೂ ದತ್ತಕ ಕಾಯ್ದೆಯು ನಮಗೆ ಅನ್ವಯಿಸುವದಿಲ್ಲ, ಮತ್ತು 1890ರ ಪಾಲಕರ ಕಾಯ್ದೆಯ ಪ್ರಕಾರ ಕ್ರೈಸ್ತ ದಂಪತಿಗಳು ಮಗುವಿನ ಪಾಲಕರು ಮಾತ್ರ ಆಗಬಹುದಾಗಿತ್ತು. ಈಗ ಹಾಗಿಲ್ಲ. ಬಾಲನ್ಯಾಯ ಕಾಯ್ದೆಯ ಮೇರೆಗೆ ಯಾವ ಮತದವರಾದರೂ ದತ್ತು ತಕ್ಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2014ನೇ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿತು. ಹೀಗಿರಲಾಗಿ, ದತ್ತಕದ ಆಶೆಯುಳ್ಳವರು ದತ್ತಕದ ದಾರಿಯನ್ನೇ ಹಿಡಿಯಲಿ. ಪೋಷಕತ್ವವನ್ನು ಅದಕ್ಕೆ ಹಿತ್ತಲ ಬಾಗಿಲಾಗಿ ಎಣಿಸಬಾರದು.

ಮನೆಗಳೇ ಯಾಕೆ ಬೇಕು, ಅನಾಥಶಾಲೆಗಳು ಸಾಲವೋ? ಎಂದು ಕೇಳುವವರುಂಟು. ಈ ಸೀಮೆಯಲ್ಲಿ ಆ ಪ್ರಶ್ನೆಯು ಸಹಜವಾದದ್ದೇ. ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಕೆಲಸವನ್ನಾರಂಭಿಸಿದರು. 1876ರಿಂದ 1878ರ ವರೆಗಿನ ಮಹಾ ಕ್ಷಾಮವು ಈ ನಾಡನ್ನು ಬಡಿದಾಗ ದಿಕ್ಕಿಲ್ಲದ ಮಕ್ಕಳಿಗೆ ಛಾವಣಿಯೂ ಗಂಜಿಯೂ ಮೊದಲು ಬೇಕಾಗಿದ್ದವು. ಸಾವಿನ ಬಾಯಿಂದ ತಪ್ಪಿಸುವ ಹೊತ್ತಿನಲ್ಲಿ ಮಕ್ಕಳನ್ನು ಒಂದೆಡೆ ಕೂಡಿಸಿದ್ದನ್ನು ಯಾರೂ ದೂರಲಾರರು. ಆದರೂ ದೊಡ್ಡ ಶಾಲೆಯಲ್ಲಿ ಮಗುವಿಗೆ ಮನೆ ಸಿಕ್ಕದೆಂಬದನ್ನು ಬುದ್ಧಿವಂತರು ಮುಂಚೆಯೇ ಕಂಡಿದ್ದರು. ಜರ್ಮನಿಯ ಹಂಬುರ್ಗ ಪಟ್ಟಣದ ಬಳಿಯಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬವನು 1833ರಲ್ಲಿ ಮಕ್ಕಳ ಆಶ್ರಯವನ್ನು ಸ್ಥಾಪಿಸಿದಾಗ, ಎಲ್ಲರನ್ನೂ ಒಂದೇ ದೊಡ್ಡ ಕಟ್ಟಡದಲ್ಲಿ ತುಂಬದೆ, ಹತ್ತು ಹನ್ನೆರಡು ಮಕ್ಕಳ ಸಣ್ಣ ಸಣ್ಣ ಕುಟುಂಬಗಳಾಗಿ ಇರಿಸಿದನು.

ನಮ್ಮ ಕಾಲದಲ್ಲಿ ಈ ಸಂಗತಿಯು ಪರೀಕ್ಷೆಯಿಂದಲೂ ತಿಳಿದುಬಂದಿದೆ. ರೊಮೇನಿಯಾ ದೇಶದ ಬುಕಾರೆಸ್ಟ್ ಪಟ್ಟಣದ ಶಿಶುಗೃಹಗಳಲ್ಲಿದ್ದ 136 ಎಳೆಯ ಮಕ್ಕಳನ್ನು ವಿದ್ವಾಂಸರು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, 68 ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕೊಟ್ಟರು. ಆ ಊರಲ್ಲಿ ಪೋಷಕ ಕುಟುಂಬಗಳು ಇಲ್ಲವೆಂಬಷ್ಟು ಕಡಿಮೆ ಇದ್ದವು. ಆದದರಿಂದ ಅವರು ತಾವೇ ಮನೆಗಳನ್ನು ಹುಡುಕಿ, ಮಾಸಿಕ ಹಣ ಕೊಟ್ಟು, ಸಮಾಜಸೇವಕರನ್ನು ಕಳುಹಿಸುತ್ತಾ ನಡಿಸಬೇಕಾಯಿತು. 2007ರಲ್ಲಿ ಪ್ರಕಟವಾದ ಫಲವೇನಂದರೆ, ಮನೆಗೆ ಹೋದ ಮಕ್ಕಳ ಬುದ್ಧಿಯು ಗೃಹದಲ್ಲಿ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು. ಎರಡು ವರುಷ ತುಂಬುವದರೊಳಗೆ ಹೋದವರಿಗೆ ಹೆಚ್ಚಿನ ಲಾಭವಾಯಿತು. ನಮಗೆ ಇದರಲ್ಲಿ ಮುಖ್ಯವಾಗಿ ತೋರುವದು ಬುದ್ಧಿಯ ಅಳತೆಯಲ್ಲ. ಒಂದೂ ಮನೆಯಿಲ್ಲದ ಊರಲ್ಲಿಯೂ, ಹುಡುಕಿದರೆ ಮತ್ತು ಆಧಾರ ಕೊಟ್ಟರೆ, ಮನೆಗಳು ಹುಟ್ಟಿದವೆಂಬದೇ.

ಹಾಗಾದರೆ ಹುಡುಕುವದು ಹೇಗೆ? ಭಿತ್ತಿಪತ್ರಗಳಿಂದ ಬರುವವರು ಸ್ವಲ್ಪ. ಒಂದು ಪೋಷಕ ತಾಯಿಯು ಬಾವಿಯ ಕಟ್ಟೆಯಲ್ಲಿಯೋ ಸಂತೆಯಲ್ಲಿಯೋ ಇನ್ನೊಬ್ಬಳಿಗೆ ಹೇಳಿದ ಮಾತಿನಿಂದ ಬರುವವರೇ ನಿಲ್ಲುವವರು. ಕನಿಕರವನ್ನು ಕೆರಳಿಸಿ ಕುಟುಂಬಗಳನ್ನು ಸೇರಿಸುವದು ಸುಲಭ, ಆದರೆ ಆ ಕನಿಕರವು ಮೊದಲನೇ ಮಳೆಗಾಲವನ್ನು ದಾಟುವದಿಲ್ಲ. ಒಳ್ಳೇ ಸಂಸ್ಥೆಯು ಬಂದವರಿಗೆ ಮೊದಲನೇ ದಿನದಲ್ಲಿಯೇ ಮಗುವು ತಿರುಗಿ ಹೋಗಬಹುದೆಂದು ಹೇಳುತ್ತದೆ. ಅದನ್ನು ಕೇಳಿ ಎದ್ದು ಹೋಗುವವರು ಹೋಗಲಿ. ಮಗುವು ಬಂದ ಮೇಲೆ ಎದ್ದು ಹೋಗುವದಕ್ಕಿಂತ ಅದು ಲೇಸು.

ಉಳಿದವರ ಮನೆಗೆ ಸಮಾಜಸೇವಕಿಯು ಒಂದಲ್ಲ, ಹಲವು ಸಾರಿ ಹೋಗುವಳು. ಕಾಯ್ದೆಯು ನೋಡೆಂದು ಹೇಳುವದು ಕುಟುಂಬದ ಶಕ್ತಿ, ಉದ್ದೇಶ, ಯೋಗ್ಯತೆ, ಮಕ್ಕಳನ್ನು ಸಾಕಿದ ಅನುಭವ ಇವುಗಳನ್ನು. ದೊಡ್ಡ ಮನೆ ಬೇಕಿಲ್ಲ. ಮಗುವಿಗೆ ಮಲಗುವ ಸ್ಥಳ, ಶೌಚಾಲಯ, ನಿಯಮಿತ ಆದಾಯ, ಮನೆಯವರ ಆರೋಗ್ಯದ ದಾಖಲೆ, ಪೊಲೀಸರ ಪರಿಶೀಲನೆ, ಪರಿಚಿತರ ಸಾಕ್ಷಿ ಇವು ಬೇಕು. ಅತ್ತೆಯನ್ನೂ ಮನೆಯ ಮಕ್ಕಳನ್ನೂ ಬೇರೆಬೇರೆಯಾಗಿ ಮಾತಾಡಿಸುವದು ಅತ್ಯಗತ್ಯ. ಗಂಡಹೆಂಡರು ಒಪ್ಪಿ ಅತ್ತೆಯು ಒಪ್ಪದಿದ್ದಲ್ಲಿ ಆ ಮಗುವಿನ ತಟ್ಟೆಯು ಅಡಿಗೆಮನೆಯಲ್ಲಿ ಬೇರೆಯಾಗಿಯೇ ಇರುವದು. 2024ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಮಾರ್ಗಸೂಚಿಗಳಂತೆ ದಂಪತಿಗಳು ಮಾತ್ರವಲ್ಲ, ಅವಿವಾಹಿತರೂ ವಿಧವೆ ವಿಧುರರೂ ಪೋಷಕರಾಗಬಹುದು. ಒಂಟಿ ಸ್ತ್ರೀಯು ಗಂಡು ಹೆಣ್ಣು ಯಾವ ಮಗುವನ್ನಾದರೂ, ಒಂಟಿ ಪುರುಷನು ಗಂಡುಮಗುವನ್ನು ಮಾತ್ರ ಸಾಕಬಹುದು. ಹಿಂದೆ ಐದು ವರುಷ ಸಾಕಿದ ಮೇಲೆ ದತ್ತಕಕ್ಕೆ ಬೇಡಿಕೊಳ್ಳಬಹುದಾಗಿದ್ದದ್ದು ಈಗ ಎರಡು ವರುಷಕ್ಕೆ ಇಳಿದಿದೆ; ಆದರೆ ಮಗು ಕಾನೂನಿನಂತೆ ದತ್ತಕಕ್ಕೆ ಮುಕ್ತವಾಗಿರಬೇಕು. ಅಣ್ಣತಂಗಿಯರನ್ನು ಕೂಡಿದ ಮಟ್ಟಿಗೆ ಅಗಲಿಸಬಾರದೆಂಬದೂ ಕಾಯ್ದೆಯ ಮಾತು.

ಇನ್ನು ಮಗುವು ಮನೆಗೆ ಬಂತು. ಇಲ್ಲಿಂದಲೇ ಕಷ್ಟಗಳ ಆರಂಭ. ಹಸಿವೆಯನ್ನು ಕಂಡ ಮಗುವು ಹೊಟ್ಟೆ ತುಂಬ ಉಂಡ ಮೇಲೂ ಅರ್ಧ ರೊಟ್ಟಿಯನ್ನು ಹಾಸಿಗೆಯ ಕೆಳಗೆ ಬಚ್ಚಿಡುವದು. ಇರುವೆ ಮುತ್ತಿದಾಗ ಮನೆಯವರಿಗೆ ತಿಳಿಯುವದು. ಎಂಟು ವರುಷದ ಹುಡುಗನು ರಾತ್ರಿ ಹಾಸಿಗೆಯನ್ನು ತೋಯಿಸುವನು. ತಾಯಿಯು ಬಂದು ನೋಡಿ ಹೋದ ಮರುದಿನ ಮಗುವು ಪಾತ್ರೆಯನ್ನೆಸೆದು, ನೀನು ನನ್ನ ಅವ್ವನಲ್ಲ, ಎಂದು ಕೂಗುವದು. ಇವು ಕಳ್ಳತನವೂ ಅಲ್ಲ, ಕೃತಘ್ನತೆಯೂ ಅಲ್ಲ, ಹಿಂದಿನ ಭಯವು ಇನ್ನೂ ಹೋಗಿಲ್ಲವೆಂಬದರ ಗುರುತುಗಳು. ರೊಟ್ಟಿಯನ್ನು ಕಿತ್ತುಕೊಳ್ಳಬೇಡಿರಿ, ಮುಚ್ಚಳವಿರುವ ಒಂದು ಡಬ್ಬಿಯನ್ನು ಮಗುವಿನ ಕೈಗೆ ಕೊಟ್ಟು, ಇದರಲ್ಲಿ ಇಟ್ಟುಕೋ ಮಗಾ, ಅನ್ನಿರಿ. ಡಬ್ಬಿ ಖಾಲಿಯಾಗುವದಿಲ್ಲವೆಂದು ನಂಬಿಕೆ ಬಂದ ಮೇಲೆ ಅದು ತಾನೇ ಬಚ್ಚಿಡುವದನ್ನು ಬಿಡುವದು. ಹೊಡೆಯುವದಂತೂ ಸರ್ವಥಾ ಕೂಡದು.

ಇಂಥ ಹೊತ್ತಿನಲ್ಲಿ ಕುಟುಂಬವು ಒಂಟಿಯಾಗಿದ್ದರೆ ಮಗುವನ್ನು ಹಿಂದಕ್ಕೆ ಕಳುಹಿಸುವದು. ಒಮ್ಮೆ ಮನೆ ತಪ್ಪಿದ ಮಗುವಿಗೆ ಎರಡನೇ ಸಾರಿ ಮನೆ ತಪ್ಪಿಸುವದಕ್ಕಿಂತ ಕ್ರೂರವಾದದ್ದು ಯಾವದು? ಆದಕಾರಣ ಬೆಂಬಲವೆಂಬದು ಈ ಕೆಲಸಕ್ಕೆ ಬೆನ್ನೆಲುಬು. ಸಮಿತಿಯು ತಿಂಗಳಿಗೊಮ್ಮೆ ಪೋಷಕ ಮನೆಯನ್ನು ಪರಿಶೀಲಿಸಬೇಕೆಂದು ಕಾಯ್ದೆಯಲ್ಲಿದೆ. ಆದರೆ ಪರಿಶೀಲನೆ ಬೇರೆ, ಆಸರೆ ಬೇರೆ. ತಪ್ಪು ಹುಡುಕಲು ಬರುವವರ ಮುಂದೆ ಯಾವ ತಾಯಿಯೂ ರೊಟ್ಟಿಯ ಮಾತನ್ನು ಬಾಯಿಬಿಟ್ಟು ಹೇಳಳು. ರಾತ್ರಿ ಹತ್ತು ಗಂಟೆಗೂ ಫೋನು ಎತ್ತುವ ಸೇವಕಿ, ತಿಂಗಳಿಗೊಂದು ದಿನ ಪೋಷಕ ತಾಯಂದಿರೆಲ್ಲರೂ ಕೂಡಿ ಮಾತಾಡುವ ಸ್ಥಳ, ಜಡ್ಡು ಬಿದ್ದಾಗ ಎರಡು ದಿನ ಮಗುವನ್ನು ನೋಡಿಕೊಳ್ಳಲು ಸಮಿತಿಯು ಒಪ್ಪಿದ ಇನ್ನೊಂದು ಮನೆ: ಇವಿದ್ದಲ್ಲಿ ಕುಟುಂಬಗಳು ನಿಲ್ಲುತ್ತವೆ.

ಹಣದ ಮಾತನ್ನೂ ಮುಚ್ಚದೆ ಹೇಳುವೆವು. 2022ರ ಮಿಶನ್ ವಾತ್ಸಲ್ಯದ ಮಾರ್ಗಸೂಚಿಗಳು ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳನ್ನು ಗೊತ್ತುಮಾಡಿವೆ. ಅದಕ್ಕೆ ಮುಂಚೆ 2,000 ಇತ್ತು. ಅದು ಮಗುವಿನ ಹಾಲು, ಬಟ್ಟೆ, ಪುಸ್ತಕಗಳಿಗಾಗಿರುವದೇ ಹೊರತು ಮನೆಯ ಸಾಲ ತೀರಿಸುವದಕ್ಕಲ್ಲ. ಹಣ ಪಡೆದು ಸಾಕುವದು ನಾಚಿಕೆಯೆಂದು ಕೆಲವರು ತಿಳಿಯುತ್ತಾರೆ. ನಮಗೆ ಹಾಗೆ ತೋರುವದಿಲ್ಲ. ಬಡವರ ಮನೆಯಲ್ಲಿಯೂ ಒಳ್ಳೇ ಪೋಷಕರಿರುವರು, ಆ ಹಣವಿಲ್ಲದೆ ಅವರ ಬಾಗಿಲು ತೆರೆಯಲಾರದು.

ಎರಡು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ಒಂದು, ಹುಡುಗಿಯನ್ನು ಸಾಕುತ್ತೇವೆಂದು ಕರತಂದು ಮುಸುರೆ ತಿಕ್ಕಲು ಹಚ್ಚುವ ಮನೆಗಳು ನಮ್ಮ ನಡುವೆ ಇದ್ದವು, ಈಗಲೂ ಇಲ್ಲವೆನ್ನಲಾರೆವು. ಅದು ಪೋಷಣೆಯಲ್ಲ, ಕೂಲಿಯಿಲ್ಲದ ಜೀತ. ಇನ್ನೊಂದು, ಮಗುವು ಯಾವ ಮತದ ಮನೆಯಲ್ಲಿ ಹುಟ್ಟಿತೋ, ಯಾವ ಹೆಸರಿನಿಂದ ಬಂತೋ, ಅದನ್ನು ಬದಲಿಸುವ ಹಕ್ಕು ಪೋಷಕರಿಗೆ ಇಲ್ಲ. ಕೂಸಿನ ಹಸಿವೆಯನ್ನು ನೆಪಮಾಡಿ ಅದರ ಮನಸ್ಸನ್ನು ಕೊಳ್ಳುವದು ನಮಗೆ ತಕ್ಕದ್ದಲ್ಲ. ತಿರುಗಿ ಹೋಗತಕ್ಕ ಮಗುವು ತನ್ನ ತಾಯಿಯ ಮನೆಯಲ್ಲಿ ಪರಕೀಯವಾಗಬಾರದು.

ದಿಕ್ಕಿಲ್ಲದ ಮಗು ಸಿಕ್ಕಿದರೆ ಮಾಡತಕ್ಕದ್ದೇನು? ಹುಬ್ಬಳ್ಳಿಯ ರೈಲು ನಿಲ್ದಾಣವು ದೊಡ್ಡ ಕೂಡುಸ್ಥಳ. 2023ರಲ್ಲಿ ಅಲ್ಲಿ ತೆರೆದ ವೇದಿಕೆಯು 1,507 ಮೀಟರು ಉದ್ದವಿದ್ದು ಲೋಕದಲ್ಲಿಯೇ ಉದ್ದವಾದದ್ದೆಂದು ಹೆಸರಾಗಿದೆ. ಅದರ ಒಂದು ತುದಿಯಲ್ಲಿ ಮಗುವು ಒಂಟಿಯಾಗಿ ಕೂತರೆ ಇನ್ನೊಂದು ತುದಿಯವರಿಗೆ ಕಾಣುವದೇ ಇಲ್ಲ. ಕಂಡವರು ಕನಿಕರದಿಂದ ನೇರವಾಗಿ ತಮ್ಮ ಊರಿಗೆ ಕರಕೊಂಡು ಹೋಗಕೂಡದು. ಪ್ರಯಾಣದ ಹೊತ್ತನ್ನು ಬಿಟ್ಟು 24 ತಾಸಿನೊಳಗೆ ಪೊಲೀಸರಿಗಾಗಲಿ, ಸಮಿತಿಗಾಗಲಿ, 1098 ಎಂಬ ಮಕ್ಕಳ ಸಹಾಯವಾಣಿಗಾಗಲಿ ತಿಳಿಸಲೇ ಬೇಕು. ತಿಳಿಸದವರಿಗೆ ಆರು ತಿಂಗಳ ವರೆಗೆ ಸೆರೆಯೋ 10,000 ರೂಪಾಯಿ ದಂಡವೋ ಎರಡೂ ಆಗಬಹುದು. ಕಳೆದುಹೋದ ಮಗುವನ್ನು ಯಾರೋ ಹುಡುಕುತ್ತಿರಬಹುದಷ್ಟೆ.

ಮಗುವು ತಿರುಗಿ ಹೋಗುವ ದಿನವನ್ನು ಕುರಿತು ಪೋಷಕ ತಾಯಂದಿರು ಹೆಚ್ಚಾಗಿ ಕೇಳುವದುಂಟು. ನೋವಾಗದೆ ಇರುವದಿಲ್ಲ. ಅದನ್ನು ಒಂದೇ ದಿನದಲ್ಲಿ ಮಾಡಬಾರದು: ಮೊದಲು ಹೆತ್ತ ತಾಯಿಯು ಬಂದು ಒಂದು ಹೊತ್ತು ಇರುವದು, ಬಳಿಕ ಮಗುವು ಅಲ್ಲಿ ಒಂದು ರಾತ್ರಿ ಮಲಗಿ ಬರುವದು, ಆಮೇಲೆ ಹಬ್ಬಕ್ಕೆ ನಾಲ್ಕು ದಿನ. ತನ್ನ ಡಬ್ಬಿ, ಪುಸ್ತಕ, ತೆಗೆಸಿಕೊಂಡ ಚಿತ್ರಗಳನ್ನು ಮಗುವು ತಕ್ಕೊಂಡು ಹೋಗಲಿ. ಹೋದ ಮೇಲೆ ಎರಡು ಮನೆಗಳೂ ಮಾತು ಬಿಡದೆ ಇರುವಂತೆ ಸಂಸ್ಥೆಯು ನಡುವೆ ನಿಂತರೆ, ಹೆತ್ತವಳಿಗೆ ಒಬ್ಬ ತಂಗಿ ದೊರಕಿದ ಹಾಗಾಗುವದು.

ಕೊನೆಗೆ, ಪೋಷಕರಾಗಲು ಶಕ್ತಿಯಿಲ್ಲದ ಸಭೆಗಳಿಗೂ ಕೆಲಸವಿದೆ. ಪರರ ಮನೆಗೆ ಮಗುವನ್ನು ಕಳುಹಿಸುವದಕ್ಕಿಂತ ಮುಂಚೆ ಸ್ವಂತ ಬಂಧುಗಳಲ್ಲಿಯೇ ಉಳಿಸಲು ನೋಡಬೇಕಷ್ಟೆ. ತಂದೆತಾಯಿಗಳಿಲ್ಲದ ಮೊಮ್ಮಕ್ಕಳನ್ನು ಕೂಲಿಮಾಡಿ ಸಾಕುವ ಅಜ್ಜಿಯಂದಿರು ಕಲಘಟಗಿ, ಕುಂದಗೋಳ, ನವಲಗುಂದದ ಹಳ್ಳಿಗಳಲ್ಲಿ ಇರುವದಿಲ್ಲವೇ? ಅಂಥವರಿಗೆ ಪ್ರಾಯೋಜಕತ್ವವೆಂಬ ಹೆಸರಿನಲ್ಲಿ ಅದೇ 4,000 ರೂಪಾಯಿಗಳ ಸಹಾಯವು ದೊರೆಯಬಹುದು. ಹಳ್ಳಿಯಲ್ಲಿ ಕುಟುಂಬದ ಆದಾಯವು ವರುಷಕ್ಕೆ 72,000 ರೂಪಾಯಿ ಮೀರಿರಬಾರದು, ಪಟ್ಟಣದಲ್ಲಿ 96,000. ಅಜ್ಜಿಗೆ ಓದುಬರಹ ಬಾರದು, ಕಚೇರಿಯ ದಾರಿ ತಿಳಿಯದು. ತಂದೆತಾಯಿಗಳ ಮರಣದ ದಾಖಲೆ, ರೇಶನ್ ಕಾರ್ಡು, ಆದಾಯದ ಪ್ರಮಾಣಪತ್ರ, ಶಾಲೆಯ ದಾಖಲೆ, ಬ್ಯಾಂಕಿನ ಪುಸ್ತಕ ಇವನ್ನು ಕೂಡಿಸಿಕೊಂಡು, ಓದಬಲ್ಲ ಯುವಕನೊಬ್ಬನು ಒಂದು ದಿನದ ಕೆಲಸ ಬಿಟ್ಟು ಆಕೆಯ ಸಂಗಡ ಧಾರವಾಡದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಬರಲಿ. ಒಂದು ಸಾರಿಗೆ ಕೆಲಸವಾಗದಿದ್ದರೆ ಎರಡನೇ ಸಾರಿಯೂ ಹೋಗಲಿ.