ಅಂತರ್ಜಾಲದ ಹೆಸರುಗಳು: ಒಡೆತನ ಮತ್ತು ಹೊಣೆಗಾರಿಕೆ

ಗಣಕಗಳು ಪರಸ್ಪರ ಗುರುತಿಸುವುದು ಸಂಖ್ಯೆಗಳಿಂದ. ಮನುಷ್ಯರು ನೆನಪಿಡುವುದು ಹೆಸರುಗಳನ್ನು. ಇವೆರಡನ್ನೂ ಬೆಸೆಯುವ ಏರ್ಪಾಡೇ ಡೊಮೈನ್ ನಾಮವ್ಯವಸ್ಥೆ. ಒಂದು ಹೆಸರು ಜಗತ್ತಿನ ಎಲ್ಲೆಡೆಯೂ ಒಂದೇ ನೆಲೆಯನ್ನು ಸೂಚಿಸಬೇಕೆಂಬುದು ಇದರ ಮೂಲತತ್ತ್ವ. ಆದುದರಿಂದ ಹೆಸರು ಕೊಡುವ ಅಧಿಕಾರ ಯಾರದೆಂಬ ಪ್ರಶ್ನೆ ಕೇವಲ ತಾಂತ್ರಿಕವಾದುದಲ್ಲ.

1994ರಲ್ಲಿ ಜಾನ್ ಪೋಸ್ಟೆಲ್ ರಚಿಸಿದ ‘ಆರ್‌ಎಫ್‌ಸಿ 1591’ ಎಂಬ ದಾಖಲೆ ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ಅದರಂತೆ ಮೇಲ್‌ಸ್ತರದ ಹೆಸರನ್ನು ನಿರ್ವಹಿಸುವವರು ಅದರ ಒಡೆಯರಲ್ಲ; ಆಯಾ ದೇಶದ ಹಾಗೂ ಜಾಗತಿಕ ಸಮುದಾಯದ ಪರವಾಗಿ ಹೊಣೆ ಹೊತ್ತ ಧರ್ಮದರ್ಶಿಗಳು. 1998ರಲ್ಲಿ ಸ್ಥಾಪಿತವಾದ ಐಕಾನ್ ಸಂಸ್ಥೆ ಈ ವ್ಯವಸ್ಥೆಯನ್ನು ನಿರ್ವಹಿಸುತ್ತಿದೆ. ಅದರ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಒಪ್ಪಂದಮೂಲದ ಮೇಲ್ವಿಚಾರಣೆ 2016ರಲ್ಲಿ ಕೊನೆಗೊಂಡಿತು.

ರೋಮನ್ನೇತರ ಲಿಪಿಗಳಿಗೆ ಮೇಲ್‌ಸ್ತರದಲ್ಲಿ ಎಡೆ ದೊರೆತುದು 2010ರಲ್ಲಿ. ‘.ಭಾರತ’ ಎಂಬುದು ಇಂದು ಕನ್ನಡ ಲಿಪಿಯಲ್ಲಿಯೂ ಇದೆ. ಇಲ್ಲಿ ಮೇಲಿನ ತತ್ತ್ವ ಅಕ್ಷರದ ಮಟ್ಟದಲ್ಲಿಯೇ ಪರೀಕ್ಷೆಗೊಳಗಾಗುತ್ತದೆ. ಕನ್ನಡ, ತೆಲುಗು ಲಿಪಿಗಳ ಗ, ರ, ಲ ಮೊದಲಾದ ಅಕ್ಷರಗಳು ಕಣ್ಣಿಗೆ ಬಹುಮಟ್ಟಿಗೆ ಒಂದೇ. ಗಣಕಕ್ಕೆ ಮಾತ್ರ ಬೇರೆ ಬೇರೆ ಸಂಕೇತಗಳು. ನೋಟಕ್ಕೆ ಒಂದೇ ಆದ ಎರಡು ಹೆಸರುಗಳು ಇಬ್ಬರ ಕೈಸೇರಿದರೆ ಓದುಗನು ಮೋಸಹೋಗುವುದು ಸುಲಭ. ಆದುದರಿಂದ 2019ರಲ್ಲಿ ಐಕಾನ್ ಪ್ರಕಟಿಸಿದ ಮೇಲ್‌ಸ್ತರದ ಹೆಸರುಗಳ ನಿಯಮಾವಳಿಯು ಹೀಗೆ ತದ್ರೂಪವಾದ ಹಲವು ಅಕ್ಷರಗಳನ್ನು ಪರಸ್ಪರ ರೂಪಭೇದಗಳೆಂದು ಪರಿಗಣಿಸಿದೆ. ಇಂತಹ ಅಕ್ಷರಗಳಿಂದಲೇ ಆದ ಹೆಸರು ಒಂದು ಲಿಪಿಯಲ್ಲಿ ಒಬ್ಬರಿಗೆ ಸಂದರೆ, ಇನ್ನೊಂದು ಲಿಪಿಯಲ್ಲಿ ಅದು ಬೇರೊಬ್ಬರಿಗೆ ಸಲ್ಲದು.

ಈ ನಿರ್ಬಂಧವು ಭಾಷೆಯ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ತೋರಬಹುದು. ಆದರೆ ಹೆಸರು ಪಡೆದವನ ಹಕ್ಕಿಗಿಂತ ಅದನ್ನು ಓದುವವನ ನಂಬಿಕೆ ದೊಡ್ಡದೆಂಬುದೇ ಧರ್ಮದರ್ಶಿತ್ವದ ಅರ್ಥ. ಯಾವ ಅಕ್ಷರ ಯಾವುದರ ತದ್ರೂಪವೆಂಬ ನಿರ್ಣಯಕ್ಕೆ ತಂತ್ರಜ್ಞರ ಜೊತೆಗೆ ಲಿಪಿಯನ್ನು ಬಲ್ಲವರೂ ಬೇಕು. ಆ ಮಟ್ಟಿಗೆ ಅಂತರ್ಜಾಲದ ಆಡಳಿತವು ಕನ್ನಡ ಅಧ್ಯಯನದ ವ್ಯಾಪ್ತಿಗೂ ಸೇರಿದ ವಿಷಯವಾಗಿದೆ.