ಹೊಸ ಬ್ಯಾರೆಲ್, ಮೂರು ತೂತು: ಎಷ್ಟು ನಂಬಬಹುದು?

ಅಜ್ಜನ ಕಾಲದ ಒಂದು ಬೇಟೆ ರೈಫಲ್. ಬ್ಯಾರೆಲ್ ಸವೆದಿದೆ ಅಂತ ಮೊಮ್ಮಗ ಅದನ್ನು ಗನ್‌ಸ್ಮಿತ್ ಹತ್ತಿರ ಕೊಟ್ಟು ಹೊಸ ಬ್ಯಾರೆಲ್ ಹಾಕಿಸುತ್ತಾನೆ. ನೂರು ಮೀಟರ್ ದೂರದ ಕಾಗದಕ್ಕೆ ಮೂರು ಗುಂಡು ಹಾರಿಸುತ್ತಾನೆ. ಹಳೇ ಬ್ಯಾರೆಲ್‌ನಲ್ಲಿ ಮೂರು ತೂತುಗಳ ನಡುವಿನ ಅತಿ ದೊಡ್ಡ ಅಂತರ 35 ಮಿ.ಮೀ. ಇತ್ತು, ಈಗ 18. "ನಿಖರತೆ ಡಬಲ್ ಆಯ್ತು" ಅಂತ ಖುಷಿಯೋ ಖುಷಿ. ಅಮೆರಿಕದ ಬೇಟೆಗಾರರ ನಡುವೆ ಇದು ತೀರಾ ಮಾಮೂಲಿ ಕಥೆ. ಆ ಖುಷಿಗೆ ಲೆಕ್ಕದ ಆಧಾರ ಇದೆಯಾ ಅನ್ನುವುದೇ ನಮ್ಮ ಪ್ರಶ್ನೆ.

ಮೊದಲೇ ಹೇಳಿಬಿಡುತ್ತೇವೆ, ನಮ್ಮಲ್ಲಿ ಯಾರ ಬಳಿಯೂ ರೈಫಲ್ ಇಲ್ಲ. ಭಾರತದಲ್ಲಿ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ನಿಂತಿದೆ. ಆದರೆ ಇದರೊಳಗಿನ ಮೆಕ್ಯಾನಿಕಲ್ಲೂ ಸ್ಟ್ಯಾಟಿಸ್ಟಿಕ್ಸೂ ನಮ್ಮ ಸಿಲಬಸ್‌ನದ್ದೇ.

ಉದಾಹರಣೆಗೆ ಮೌಸರ್ 98 ತೆಗೆದುಕೊಳ್ಳೋಣ. 1898ರಲ್ಲಿ ಜರ್ಮನ್ ಸೈನ್ಯ ಸ್ವೀಕರಿಸಿದ ವಿನ್ಯಾಸ ಇದು. ಮಹಾಯುದ್ಧಗಳ ನಂತರ ಇಂಥ ರೈಫಲ್‌ಗಳು ಅಮೆರಿಕದಲ್ಲಿ ಅಗ್ಗಕ್ಕೆ ಸಿಕ್ಕವು. ಜನ ಅವುಗಳ ಮರದ ಹಿಡಿಕೆ ಕೊರೆದು, ಬ್ಯಾರೆಲ್ ಬದಲಿಸಿ ಬೇಟೆ ರೈಫಲ್ ಮಾಡಿಕೊಂಡರು. ಬಹಳಷ್ಟು ಜನ ಆರಿಸಿಕೊಂಡ ಗುಂಡು 1906ರ ಥರ್ಟಿ-ಆಟ್-ಸಿಕ್ಸ್. ಇದರ ಒಳಗಿನ ಒತ್ತಡ ಗರಿಷ್ಠ 4,000 ಬಾರ್ ದಾಟುತ್ತದೆ. ಗುಂಡು ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳು 254 ಮಿ.ಮೀ.ಗೆ ಒಂದು ಸುತ್ತು ಹಾಕಿಸುತ್ತವೆ. ಭಾಗಿಸಿ ನೋಡಿ: ನಿಮಿಷಕ್ಕೆ ಎರಡು ಲಕ್ಷ ಸುತ್ತು! ನಮ್ಮ ವರ್ಕ್‌ಶಾಪ್ ಲೇತ್ ಪಾಪ, ಸಾವಿರ ದಾಟುವಷ್ಟರಲ್ಲಿ ನಡುಗುತ್ತದೆ.

ಬ್ಯಾರೆಲ್ ಹಾಳಾಗುವುದು ಬಹುತೇಕ ಗುಂಡಿನ ಉಜ್ಜುವಿಕೆಯಿಂದ ಅಂತ ನಾವೂ ಅಂದುಕೊಂಡಿದ್ದೆವು. ಹಾಗಲ್ಲ. ಉರಿಯುವ ಅನಿಲದ ಶಾಖ, ಒತ್ತಡ ಮತ್ತು ರಾಸಾಯನಿಕ ದಾಳಿ ಸೇರಿ ಚೇಂಬರ್‌ನ ಮುಂದಿನ ಭಾಗವನ್ನು, ಅಂದರೆ ಸುರುಳಿ ಶುರುವಾಗುವ ಗಂಟಲನ್ನು, ತಿಂದು ಹಾಕುತ್ತವೆ. ಅಲ್ಲಿನ ಉಕ್ಕು ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಡುತ್ತದೆ. ತುದಿಯಲ್ಲಿ ಮಾತ್ರ ಬ್ಯಾರೆಲ್ ಹೊಸದರಂತೆ ಹೊಳೆಯುತ್ತಿರಬಹುದು.

ಬದಲಾಯಿಸುವ ಕೆಲಸ ಹೇಳುವುದಕ್ಕೆ ಸುಲಭ: ಹಳೆಯದನ್ನು ತಿರುಗಿಸಿ ಬಿಚ್ಚು, ಹೊಸದಕ್ಕೆ ಥ್ರೆಡ್ ಹಾಕು, ಚೇಂಬರ್ ಕೊರೆ, ಬಿಗಿ ಮಾಡು. (ಮೌಸರ್‌ನ ಥ್ರೆಡ್ ಕೋನ 55 ಡಿಗ್ರಿ, ಇಂಚಿಗೆ 12 ಎಳೆ. ಮೆಟ್ರಿಕ್ ಜರ್ಮನಿಯ ರೈಫಲ್‌ನಲ್ಲಿ ಇಂಗ್ಲೆಂಡಿನ ವಿಟ್‌ವರ್ತ್ ಥ್ರೆಡ್! ಮೆಟ್ರಾಲಜಿ ವೈವಾದಲ್ಲಿ ಉಪಯೋಗಕ್ಕೆ ಬರಬಹುದು.) ಕಷ್ಟ ಇರುವುದು ಹೆಡ್‌ಸ್ಪೇಸ್‌ನಲ್ಲಿ. ಬೋಲ್ಟ್‌ನ ಮುಖದಿಂದ, ಕಾಡತೂಸಿನ ಭುಜ ಚೇಂಬರ್‌ನಲ್ಲಿ ತಾಗುವ ಜಾಗದವರೆಗಿನ ಅಂತರ ಅದು. ಜಾಸ್ತಿಯಾದರೆ ಹಿತ್ತಾಳೆಯ ಕೇಸ್ ಹಿಗ್ಗಿ ಹರಿದು, ಅಷ್ಟೂ ಒತ್ತಡದ ಅನಿಲ ಹೊಡೆಯುವವನ ಮುಖದ ಕಡೆ ನುಗ್ಗಬಹುದು. ಪರೀಕ್ಷೆಗೆ ನಮಗೆ ಗೊತ್ತಿರುವ ಗೋ, ನೋ-ಗೋ ಗೇಜ್‌ಗಳೇ. ಎರಡರ ನಡುವಿನ ವ್ಯತ್ಯಾಸ 0.10ರಿಂದ 0.15 ಮಿ.ಮೀ. ಅಷ್ಟೇ. ಮೇಲಾಗಿ ಹಳೇ ಮೌಸರ್‌ನ ರಿಸೀವರ್ ಒಳಗೆ ಮೆತ್ತಗಿನ ಉಕ್ಕು, ಹೊರಗೆ ತೆಳುವಾದ ಗಟ್ಟಿ ಪದರ. ಚೆನ್ನಾಗಿ ಕೂರಲಿ ಅಂತ ಲಗ್ ತಾಗುವ ಜಾಗವನ್ನು ಜಾಸ್ತಿ ಉಜ್ಜಿದರೆ ಆ ಪದರ ಹೋಗಿ, ಹೊಡೆದಂತೆಲ್ಲ ಲೋಹ ತಗ್ಗಿ, ಹೆಡ್‌ಸ್ಪೇಸ್ ತಾನಾಗೇ ಬೆಳೆಯುತ್ತದೆ. ಹಾಗಾಗಿ ಇದು ಪರವಾನಗಿ ಇರುವ ಗನ್‌ಸ್ಮಿತ್‌ನ ಕೆಲಸ, ಹವ್ಯಾಸಿಯದಲ್ಲ.

ಇಲ್ಲಿಯವರೆಗೆ ಅಳತೆ ಬಲು ಕಟ್ಟುನಿಟ್ಟು. ಫಲಿತಾಂಶ ನೋಡುವ ಹೊತ್ತಿಗೆ ಮಾತ್ರ ಮೂರೇ ಗುಂಡು. ಇದು ನಮಗೆ ವಿಚಿತ್ರ ಅನ್ನಿಸಿತು.

ಗುಂಡುಗಳು ಕೇಂದ್ರದ ಸುತ್ತ ನಾರ್ಮಲ್ ಹಂಚಿಕೆಯಂತೆ ಬೀಳುತ್ತವೆ, ಅಡ್ಡಕ್ಕೂ ಉದ್ದಕ್ಕೂ ಸಿಗ್ಮಾ 10 ಮಿ.ಮೀ. ಅಂತ ಇಟ್ಟುಕೊಳ್ಳಿ. ಪೈಥಾನ್‌ನಲ್ಲಿ ಹದಿನೈದು ಸಾಲಿನ ಕೋಡ್ ಬರೆದು ಮೂರು-ಮೂರು ಗುಂಡಿನ ಗುಂಪುಗಳನ್ನು ಹತ್ತು ಸಾವಿರ ಸಲ ಹಾರಿಸಿ. ಅತಿ ದೊಡ್ಡ ಅಂತರದ ಸರಾಸರಿ 24 ಮಿ.ಮೀ. ಬರುತ್ತದೆ. ಆದರೆ ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 9! ಅಂದರೆ ಅದೇ ರೈಫಲ್, ಅದೇ ಗುಂಡು, ಅದೇ ಕೈ. ಒಮ್ಮೆ 15, ಇನ್ನೊಮ್ಮೆ 33 ಬಂದರೆ ಏನೂ ಆಶ್ಚರ್ಯವಿಲ್ಲ. ಐದು ಗುಂಡಿಗೆ ಸರಾಸರಿ 31, ಹತ್ತಕ್ಕೆ 38. ಗುಂಡು ಜಾಸ್ತಿಯಾದಷ್ಟೂ ಗುಂಪು ದೊಡ್ಡದಾಗುತ್ತದೆ, ರೈಫಲ್ ಕೆಟ್ಟಿದ್ದಕ್ಕಲ್ಲ. ಅದಕ್ಕೇ ಒಬ್ಬರ ಮೂರರ ಗುಂಪನ್ನು ಇನ್ನೊಬ್ಬರ ಐದರ ಗುಂಪಿನ ಜೊತೆ ಹೋಲಿಸುವುದು ಅರ್ಥವಿಲ್ಲದ ಮಾತು.

ಈಗ ಮೊಮ್ಮಗನ 35 ಮತ್ತು 18ಕ್ಕೆ ಬರೋಣ. ಎರಡು ಗುಂಪುಗಳ ವೇರಿಯನ್ಸ್ ಹೋಲಿಸಲು ಎಫ್-ಟೆಸ್ಟ್ ಇದೆಯಲ್ಲ, ನಾಲ್ಕನೇ ಸೆಮ್‌ನಲ್ಲಿ ಬಾಯಿಪಾಠ ಮಾಡಿ ಮರೆತದ್ದು, ಅದೇ. ಒಂದೊಂದು ಬ್ಯಾರೆಲ್‌ಗೆ ಮೂರೇ ಗುಂಡಾದರೆ 95 ಶೇಕಡಾ ಮಟ್ಟದಲ್ಲಿ "ಬೇರೆ" ಅನ್ನಲು ಸಿಗ್ಮಾಗಳ ಅನುಪಾತ ಮೂರಕ್ಕಿಂತ ಹೆಚ್ಚಿರಬೇಕು. ಅವನದ್ದು ಎರಡೂ ಇಲ್ಲ. ಇಪ್ಪತ್ತು-ಇಪ್ಪತ್ತು ಗುಂಡಾದರೆ 1.4ರ ಹತ್ತಿರ ಸಾಕು. ಹೊಸ ಬ್ಯಾರೆಲ್ ಚೆನ್ನಾಗಿಲ್ಲ ಅಂತ ನಾವು ಹೇಳ್ತಾ ಇಲ್ಲ. ಚೆನ್ನಾಗಿದೆ ಅಂತ ಅವನಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ.

ಇನ್ನೊಂದು ತೊಡಕು ಇದೆ. ಹರಡುವಿಕೆಗೆ ಬ್ಯಾರೆಲ್ ಒಂದೇ ಕಾರಣವಲ್ಲ. ಗುಂಡು, ಕೈ, ಸ್ಕೋಪ್ ಎಲ್ಲ ಸೇರುತ್ತವೆ, ವರ್ಗಗಳಾಗಿ ಸೇರುತ್ತವೆ. ಉಳಿದೆಲ್ಲದರ ಪಾಲು 10 ಮಿ.ಮೀ., ಹಳೇ ಬ್ಯಾರೆಲ್‌ದು 8 ಅಂದರೆ ಒಟ್ಟು 12.8. ಹೊಸ ಬ್ಯಾರೆಲ್ ತನ್ನ ಪಾಲನ್ನು ಅರ್ಧಕ್ಕೆ, 4ಕ್ಕೆ ಇಳಿಸಿದರೂ ಒಟ್ಟು 10.8. ದುಡ್ಡು ಸುರಿದದ್ದಕ್ಕೆ ಕಾಗದದ ಮೇಲೆ ಕಾಣುವುದು ಬರೀ 16 ಶೇಕಡಾ ಸುಧಾರಣೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಭರವಸೆಯಿಂದ ಹಿಡಿಯಲು ಒಂದೊಂದು ಬ್ಯಾರೆಲ್‌ಗೆ ನೂರಕ್ಕೂ ಹೆಚ್ಚು ಗುಂಡು ಬೇಕು. ಜೊತೆಗೆ, ಬ್ಯಾರೆಲ್ ಬದಲಿಸುವಾಗ ಸಾಮಾನ್ಯವಾಗಿ ಮರದ ಹಿಡಿಕೆಯಲ್ಲಿ ಬೆಡ್ಡಿಂಗ್ ಹೊಸದಾಗುತ್ತದೆ, ಸ್ಕೋಪ್ ಬಿಚ್ಚಿ ಮತ್ತೆ ಕೂರಿಸುತ್ತಾರೆ. ಮೂರು ವೇರಿಯಬಲ್ ಒಟ್ಟಿಗೆ ಬದಲಿಸಿ ಕೀರ್ತಿಯನ್ನೆಲ್ಲ ಒಂದಕ್ಕೇ ಕೊಟ್ಟರೆ ಹೇಗೆ?

ಮಿಲಿಮೀಟರ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ಅದಕ್ಕೂ ಲೆಕ್ಕ ಹಾಕಿದೆವು. ಜಿಂಕೆಯ ಹೃದಯ-ಶ್ವಾಸಕೋಶದ ಭಾಗವನ್ನು ಬೇಟೆಗಾರರು ಸುಮಾರು 20 ಸೆಂ.ಮೀ. ವೃತ್ತ ಅಂತ ಹಿಡಿಯುತ್ತಾರೆ. 18 ಮಿ.ಮೀ. ಗುಂಪನ್ನು ನಂಬಿದರೆ ಸಿಗ್ಮಾ 7.5 ಅನ್ನಿಸುತ್ತದೆ; 300 ಮೀಟರ್‌ನಲ್ಲಿ ಗುಂಡು ಆ ವೃತ್ತದ ಹೊರಗೆ ಬೀಳುವ ಸಾಧ್ಯತೆ ಇಪ್ಪತ್ತು ಸಾವಿರಕ್ಕೆ ಒಂದು. ನಿಜವಾದ ಸಿಗ್ಮಾ 12 ಆಗಿದ್ದರೆ? ಐವತ್ತಕ್ಕೆ ಒಂದು. ಸ್ಕೋಪನ್ನೂ ಅದೇ ಮೂರು ತೂತಿನ ಮಧ್ಯಬಿಂದು ನೋಡಿ ಹೊಂದಿಸಿದ್ದರೆ ಆ ತಪ್ಪೂ ಸೇರಿ ಹದಿನೆಂಟಕ್ಕೆ ಒಂದು. ಗಾಳಿ, ಏದುಸಿರು, ನಡುಗುವ ಕೈ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆ ಒಂದು ಅಂದರೆ ಗಾಯಗೊಂಡು ಕಾಡೊಳಗೆ ಓಡಿಹೋಗಿ, ನರಳಿ ಸಾಯುವ ಒಂದು ಪ್ರಾಣಿ.

ಸರಿಯಾದ ಪರೀಕ್ಷೆ ಹೇಗಿರಬೇಕು? ಬಿಚ್ಚುವ ಮೊದಲೇ ಹಳೇ ಬ್ಯಾರೆಲ್‌ನಿಂದ ಇಪ್ಪತ್ತು ಗುಂಡು ಹಾರಿಸಿಡಬೇಕು. ಬಹಳ ಜನ ಮರೆಯುವುದು ಇದನ್ನೇ, ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ. ಅದೇ ಬ್ಯಾಚಿನ ಗುಂಡು, ಅದೇ ಬೆಂಚು, ಬ್ಯಾರೆಲ್ ತಣ್ಣಗಾಗಲು ಬಿಡುವು. ಅತಿ ದೊಡ್ಡ ಅಂತರ ಎರಡೇ ತೂತುಗಳ ಮಾತು ಕೇಳುತ್ತದೆ. ಅದರ ಬದಲು ಕೇಂದ್ರದಿಂದ ಪ್ರತಿ ತೂತಿನ ದೂರ ಅಳೆದು ಸರಾಸರಿ ತೆಗೆದರೆ ಎಲ್ಲ ಗುಂಡುಗಳೂ ಸಾಕ್ಷಿ ಹೇಳುತ್ತವೆ. ಇಪ್ಪತ್ತು ಗುಂಡಿಗೆ ಸಿಗ್ಮಾದ ಅಂದಾಜು ಹೆಚ್ಚೂಕಡಿಮೆ 11-12 ಶೇಕಡಾ ಒಳಗೆ ಬರುತ್ತದೆ, ಮೂರಕ್ಕಾದರೆ 35. ಇನ್ನು ದೂರ ಬಿದ್ದ ಒಂದು ತೂತನ್ನು "ಅದು ನನ್ನ ಕೈ ತಪ್ಪು" ಅಂತ ಬಿಟ್ಟುಬಿಡುವ ಚಾಳಿ. ಲ್ಯಾಬ್ ರೆಕಾರ್ಡ್‌ನಲ್ಲಿ ಗ್ರಾಫ್‌ಗೆ ಕೂರದ ರೀಡಿಂಗ್ ಅಳಿಸಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಐದು ಗುಂಪು ಹೊಡೆದು ಅತಿ ಚಿಕ್ಕದರ ಫೋಟೋ ಮಾತ್ರ ತೋರಿಸುವುದೂ ಅಷ್ಟೇ: ಮೇಲಿನ ಸಿಗ್ಮಾ 10ರ ರೈಫಲ್ ಕೂಡ ಆಗ 15ರ ಆಸುಪಾಸಿನ ಗುಂಪು ತೋರಿಸಿಬಿಡುತ್ತದೆ.

ಇದನ್ನು ಓದಿದ ಕೊಡಗಿನ ಗೆಳೆಯ ಕೈಲ್‌ಪೊಳ್ದ್‌ನ ತೆಂಗಿನಕಾಯಿ ಗುರಿಯ ಸ್ಪರ್ಧೆ ನೆನಪಿಸಿದ. ಅಲ್ಲಿ ದಾಖಲಾಗುವುದು ತಾಗಿತು, ತಾಗಲಿಲ್ಲ ಅಷ್ಟೇ. ಎಷ್ಟು ದೂರ ತಪ್ಪಿತು ಅನ್ನುವ ಮಾಹಿತಿಯೂ ಇಲ್ಲ. ಅಂಥ ಡೇಟಾದಿಂದ ಸಿಗ್ಮಾ ಅಂದಾಜು ಮಾಡಲು ಎಷ್ಟು ಕಾಯಿ ಬೇಕು ಅಂತ ಅವನೇ ಕೋಡ್ ಬರೆಯಲು ಕೂತಿದ್ದಾನೆ.