ಗಣಕಯಂತ್ರದ ದಿನವಹಿ

ವಿದ್ಯಾರ್ಥಿಗಳೇ, ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಕೊಡುವ, ಮರಳಿ ಪಡೆಯುವ ಕೆಲಸವನ್ನು ಗಣಕಯಂತ್ರದ ಸಹಾಯದಿಂದ ನಡೆಸತೊಡಗಿ ಎರಡು ವರ್ಷಗಳಾದುವೆಂಬುದು ನಿಮಗೆ ತಿಳಿದೇ ಇದೆ. ಅದಕ್ಕೆ ಬೇಕಾದ ತಂತ್ರಾಂಶವನ್ನು ಹೊರಗಿನಿಂದ ಕೊಂಡು ತಂದುದಲ್ಲ. ಹತ್ತನೆಯ ಇಯತ್ತೆಯ ಕೆಲವರು ವಿದ್ಯಾರ್ಥಿಗಳು ನಮ್ಮೊಡನೆ ಕುಳಿತು ಪೈಥಾನ್ ಎಂಬ ಭಾಷೆಯಲ್ಲಿ ಅದನ್ನು ರಚಿಸಿದರು. ಆ ತಂತ್ರಾಂಶದಲ್ಲಿ ಘಟಿಸಿದ ಒಂದು ತಪ್ಪನ್ನೂ, ಅದನ್ನು ಹುಡುಕುವಾಗ ನಮಗೆ ತಿಳಿದುಬಂದ ವಿಷಯಗಳನ್ನೂ ಇಲ್ಲಿ ನಿರೂಪಿಸಬೇಕೆಂದಿದ್ದೇವೆ.

ಕಳೆದ ವರ್ಷದ ಆಗಸ್ಟ್ ತಿಂಗಳಲ್ಲಿ ಎಂಟನೆಯ ಇಯತ್ತೆಯ ಒಬ್ಬ ಹುಡುಗಿಯ ಹೆಸರಿನಲ್ಲಿ ಹಳೆಯ ಪುಸ್ತಕವೊಂದು ಬಾಕಿ ಇರುವುದಾಗಿ ಯಂತ್ರವು ತೋರಿಸಿತು. ತಾನು ಅದನ್ನು ಮರಳಿಸಿದ್ದೇನೆಂದು ಆಕೆ ಹೇಳಿದಳು. ಯಂತ್ರದಲ್ಲಿ ಹಾಗೆ ನಮೂದಾಗಿರಲಿಲ್ಲ. ನಾವು ಯಂತ್ರವನ್ನು ನಂಬಿದೆವು. ಆಕೆ ಮನೆಯಿಂದ ಮೂವತ್ತು ರೂಪಾಯಿ ತಂದು ದಂಡ ಕಟ್ಟಿದಳು. ಮೂರು ವಾರಗಳ ತರುವಾಯ ಕಪಾಟನ್ನು ಒರಸುತ್ತಿದ್ದ ಗ್ರಂಥಪಾಲಕರಿಗೆ ಆ ಪುಸ್ತಕವು ತನ್ನ ಸ್ಥಾನದಲ್ಲಿಯೇ ಕುಳಿತಿರುವುದು ಕಂಡಿತು. ಏನು ನಡೆಯಿತೆಂದು ತಿಳಿಯಲು ನಾವು ತಂತ್ರಾಂಶದ ಲಾಗ್ ಕಡತವನ್ನು ತೆರೆದೆವು. ಪುಸ್ತಕ ಮರಳಿದ ದಿನದ ಕೆಳಗೆ ಒಂದು ಸಾಲೂ ಇರಲಿಲ್ಲ.

ಲಾಗ್ ಎಂದರೇನು? ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಮರದ ದಿಮ್ಮಿ ಎಂದು ಅರ್ಥ. ಹಿಂದಿನ ನಾವಿಕರು ಹಡಗಿನ ವೇಗವನ್ನು ಅಳೆಯುವುದಕ್ಕಾಗಿ ಮರದ ತುಂಡೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ಹಗ್ಗದಲ್ಲಿ ಸಮಾನ ದೂರಗಳಲ್ಲಿ ಗಂಟುಗಳಿರುತ್ತಿದ್ದುವು. ಮರಳುಗಡಿಯಾರದಲ್ಲಿ ಮರಳು ಇಳಿದು ಮುಗಿಯುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದುವೋ ಅಷ್ಟು ಹಡಗಿನ ವೇಗ. ಮುಂಬಯಿ ಬಂದರಿಗೆ ಬರುವ ಹಡಗುಗಳ ವೇಗವನ್ನು ಇಂದಿಗೂ 'ನಾಟ್' ಅಂದರೆ ಗಂಟುಗಳ ಲೆಕ್ಕದಲ್ಲಿಯೇ ಹೇಳುವುದು ಇದರಿಂದ. ಹೀಗೆ ಅಳೆದುದನ್ನು ಬರೆದಿಡುವ ಪುಸ್ತಕಕ್ಕೆ ಲಾಗ್ ಪುಸ್ತಕವೆಂಬ ಹೆಸರು ಬಂದಿತು. ಕ್ರಮೇಣ ಹಡಗಿನಲ್ಲಿ ನಡೆದುದೆಲ್ಲವೂ ಅದರಲ್ಲಿ ಸೇರಿತು. ನಮ್ಮ ಅಂಗಡಿಕಾರರ ದಿನವಹಿಯೂ ಇದೇ ಜಾತಿಯದು. ಆದುದರಿಂದ ನಾವು ಇದನ್ನು ದಿನವಹಿಯೆಂದೇ ಕರೆಯೋಣ.

ಗಣಕಯಂತ್ರಗಳ ಇತಿಹಾಸದಲ್ಲಿ ಪ್ರಸಿದ್ಧವಾದ ದಿನವಹಿಯ ಪುಟವೊಂದಿದೆ. ೧೯೪೭ನೆಯ ಇಸವಿ ಸೆಪ್ಟೆಂಬರ್ ೯ರಂದು, ಹಾರ್ವರ್ಡಿನಲ್ಲಿ ಮಾರ್ಕ್ ೨ ಎಂಬ ಯಂತ್ರವನ್ನು ಪರೀಕ್ಷಿಸುತ್ತಿದ್ದವರಿಗೆ ಅದರ ರಿಲೇಯೊಂದರಲ್ಲಿ ಸಿಕ್ಕಿಬಿದ್ದಿದ್ದ ಪತಂಗ ದೊರೆಯಿತು. ಅವರು ಅದನ್ನು ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ವಿವರ ಬರೆದರು. ಆ ಪುಟವು ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಪತಂಗದ ಕತೆಯನ್ನು ಎಲ್ಲರೂ ಹೇಳುವರು. ನಾವು ಗಮನಿಸತಕ್ಕುದು ಬರೆದವರ ಶಿಸ್ತನ್ನು. ವೇಳೆ ಮಧ್ಯಾಹ್ನ ೩ ಗಂಟೆ ೪೫ ನಿಮಿಷ, ಸ್ಥಳ ಎಫ್ ಫಲಕದ ೭೦ನೆಯ ರಿಲೇ, ಸಿಕ್ಕಿದ್ದು ಪತಂಗ. ಯಾವಾಗ, ಎಲ್ಲಿ, ಏನು ಎಂಬ ಮೂರೂ ಅದರಲ್ಲಿವೆ. ಎಲ್ಲಿ, ಏನು ಎಂಬುದನ್ನು ಬಿಟ್ಟು 'ತೊಂದರೆಯಾಯಿತು' ಎಂದಷ್ಟೇ ಬರೆಯುವ ತಂತ್ರಾಂಶಗಳು ಇಂದಿಗೂ ಬೇಕಾದಷ್ಟಿವೆ.

ಆದರೆ ತಂತ್ರಾಂಶವು ಮನುಷ್ಯನಂತೆ ಬರೆದು ದಣಿಯುವುದಿಲ್ಲ. ಕ್ಷಣಕ್ಕೆ ಸಾವಿರ ಸಾಲುಗಳನ್ನು ಬೇಕಾದರೂ ಬರೆಯಬಲ್ಲುದು. ಎಲ್ಲವನ್ನೂ ಬರೆದರೆ ಬೇಕಾದ ಸಾಲು ಸಿಕ್ಕದು. ಏನನ್ನೂ ಬರೆಯದಿದ್ದರೆ ಸಿಕ್ಕಲು ಸಾಲೇ ಇರದು. ಇದಕ್ಕಾಗಿ ಸಂದೇಶಗಳನ್ನು ಗುರುತ್ವಕ್ಕೆ ತಕ್ಕಂತೆ ಮಟ್ಟಗಳಾಗಿ ವಿಂಗಡಿಸುವ ಪದ್ಧತಿ ಹುಟ್ಟಿತು. ೧೯೮೦ರ ದಶಕದಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಆಲ್ಮನ್ ಎಂಬವರು ಅಂಚೆ ಸಾಗಿಸುವ ಸೆಂಡ್‌ಮೇಲ್ ತಂತ್ರಾಂಶದೊಡನೆ ಸಿಸ್‌ಲಾಗ್ ಎಂಬ ವ್ಯವಸ್ಥೆಯನ್ನು ನಿರ್ಮಿಸಿದರು. ಅದರಲ್ಲಿ ಎಂಟು ಮಟ್ಟಗಳು. ೦ ಎಂದರೆ ಯಂತ್ರವೇ ಬಳಸಲಾಗದ ಸ್ಥಿತಿ. ೭ ಎಂದರೆ ದೋಷ ಹುಡುಕುವವನಿಗಷ್ಟೇ ಬೇಕಾದ ಸಣ್ಣಪುಟ್ಟ ವಿವರ.

೨೦೦೩ರಲ್ಲಿ ಹೊರಬಂದ ಪೈಥಾನ್ ೨.೩ರ ಕಾಲದಿಂದ ಆ ಭಾಷೆಯಲ್ಲಿಯೇ ದಿನವಹಿಯ ಸೌಕರ್ಯವಿದೆ. ಅದರಲ್ಲಿ ಐದು ಮಟ್ಟಗಳು, ಮತ್ತು ಲೆಕ್ಕವು ತಿರುವುಮುರುವು: ಅಂಕೆ ಹೆಚ್ಚಿದಷ್ಟೂ ಗುರುತ್ವ ಹೆಚ್ಚು. ಎರಡನ್ನೂ ಬಳಸುವವರು ಇದರಲ್ಲಿ ಎಡವುವುದುಂಟು. ಡೀಬಗ್ ೧೦, ಉದಾಹರಣೆಗೆ, ಸ್ಕ್ಯಾನರು ಓದಿದ ಅಂಕೆ ಇಂಥದು, ಪಟ್ಟಿಯಲ್ಲಿ ಹುಡುಕಿದ ಅಂಕೆ ಇಂಥದು ಎಂಬ ವಿವರ. ಇನ್ಫೋ ಅಂದರೆ ಮಾಹಿತಿ ೨೦. ೨೩೦೬ನೆಯ ಪುಸ್ತಕ ಮರಳಿ ಬಂದಿತು ಎಂಬಂಥ ನಿತ್ಯದ ಸುದ್ದಿ. ಎಚ್ಚರಿಕೆ ೩೦, ಡಿಸ್ಕಿನಲ್ಲಿ ಸ್ಥಳ ಕಡಿಮೆಯಾಗುತ್ತಿದೆ, ಕೆಲಸವಿನ್ನೂ ನಿಂತಿಲ್ಲ. ದೋಷ ೪೦, ಮಾಡಹೊರಟ ಕೆಲಸವೊಂದು ಆಗಲಿಲ್ಲ. ಕ್ರಿಟಿಕಲ್ ೫೦, ಪುಸ್ತಕಗಳ ಪಟ್ಟಿಯೇ ತೆರೆಯಲಿಲ್ಲ, ಇನ್ನು ಗ್ರಂಥಾಲಯಕ್ಕೆ ಬೀಗ ಹಾಕಬೇಕು. ಬೇಕಾದವರು ಈ ಅಂಕೆಗಳ ನಡುವೆ ತಮ್ಮದೇ ಮಟ್ಟವನ್ನು ಸೇರಿಸಿಕೊಳ್ಳಬಹುದಾದರೂ ಹಾಗೆ ಮಾಡದಿರುವುದೇ ಲೇಸು. ಐದನ್ನೇ ಸರಿಯಾಗಿ ಬಳಸುವವರು ವಿರಳ.

ಇಲ್ಲಿ ಇಬ್ಬರು ನಿರ್ಣಯಿಸುತ್ತಾರೆಂಬುದನ್ನು ಮರೆಯಬಾರದು. ಸಂದೇಶಕ್ಕೆ ಯಾವ ಮಟ್ಟವನ್ನು ಕೊಡಬೇಕೆಂದು ನಿರ್ಣಯಿಸುವವನು ತಂತ್ರಾಂಶವನ್ನು ಬರೆಯುವವನು. ಯಾವ ಮಟ್ಟದಿಂದ ಮೇಲಿನದನ್ನು ದಿನವಹಿಗೆ ಸೇರಿಸಬೇಕೆಂದು ನಿರ್ಣಯಿಸುವವನು ತಂತ್ರಾಂಶವನ್ನು ನಡೆಸುವವನು. ಈ ಎರಡನೆಯದನ್ನು ನಾವು ಹೊಸ್ತಿಲು ಎನ್ನೋಣ. ಹೊಸ್ತಿಲು ೩೦ ಇದ್ದರೆ ೩೦, ೪೦, ೫೦ರ ಸಂದೇಶಗಳು ಒಳಗೆ ಬರುವುವು. ೧೦, ೨೦ರವು ಬಾಗಿಲಲ್ಲಿಯೇ ಅಳಿದುಹೋಗುವುವು. ಎಲ್ಲಿಯೂ ಉಳಿಯವು. ಹೊಸ್ತಿಲನ್ನು ಆಮೇಲೆ ತಗ್ಗಿಸಿದರೆ ಕಳೆದ ವಾರದ ಸಂದೇಶಗಳು ಮರಳಿ ಬರುವುದಿಲ್ಲ.

ಇನ್ನು ನಮ್ಮ ಸಂಗತಿ. ಯಾರೂ ಏನೂ ಹೇಳದಿದ್ದರೆ ಪೈಥಾನ್ ತನ್ನ ಹೊಸ್ತಿಲನ್ನು ೩೦ಕ್ಕೆ ಇಟ್ಟುಕೊಳ್ಳುತ್ತದೆ. ನಾವು ಕಡತದ ಹೆಸರನ್ನು ಕೊಟ್ಟಿದ್ದೆವು, ಹೊಸ್ತಿಲನ್ನು ಹೇಳಿರಲಿಲ್ಲ. ಆದುದರಿಂದ ಎರಡು ವರ್ಷ ಪುಸ್ತಕಗಳು ಬಂದ, ಹೋದ ಸುದ್ದಿಯೊಂದೂ ದಿನವಹಿಯನ್ನು ಸೇರಿರಲಿಲ್ಲ. ಕಡತ ಚಿಕ್ಕದಾಗಿದ್ದುದನ್ನು ಕಂಡು ತಂತ್ರಾಂಶ ನಿರ್ದುಷ್ಟವಾಗಿದೆಯೆಂದು ನಾವು ಹಿಗ್ಗಿದ್ದೆವು.

ಸಿಟ್ಟಿನಲ್ಲಿ ಹೊಸ್ತಿಲನ್ನು ಒಮ್ಮೆಗೇ ೧೦ಕ್ಕೆ ಇಳಿಸಿ, ಅದೇ ಪುಸ್ತಕವನ್ನು ಮತ್ತೆ ಮರಳಿಸಿ ನೋಡಿದೆವು. ಕಾರಣ ಕಂಡಿತು. ಪುಸ್ತಕದ ಸಂಖ್ಯೆ ೦೪೧೭. ಕೊಡುವಾಗ ಗ್ರಂಥಪಾಲಕರು ಪಟ್ಟಿಯಿಂದ ಹೆಸರನ್ನು ಆರಿಸುತ್ತಾರೆ. ಮರಳಿ ಪಡೆಯುವಾಗ ಸ್ಕ್ಯಾನರು ಸಂಖ್ಯೆಯನ್ನು ಓದುತ್ತದೆ. ಓದಿದುದನ್ನು ನಮ್ಮ ತಂತ್ರಾಂಶವು ಗಣಿತದ ಅಂಕೆಯೆಂದು ಎಣಿಸಿ ಮೊದಲಿನ ಸೊನ್ನೆಯನ್ನು ಬಿಟ್ಟು, ೪೧೭ ಎಂದು ಹುಡುಕುತ್ತಿತ್ತು. ಗಣಿತದಲ್ಲಿ ಎರಡೂ ಒಂದೇ. ಪಟ್ಟಿಯಲ್ಲಿ ಅಕ್ಷರಗಳ ರೂಪದಲ್ಲಿ ಬರೆದಿಟ್ಟಾಗ ಬೇರೆ ಬೇರೆ. ಸಂಖ್ಯೆ ಸಿಕ್ಕದಿದ್ದಾಗ ತಂತ್ರಾಂಶವು ಮರಳಿಕೆಯನ್ನು ನಮೂದಿಸದೆ, ಮುಂದಿನ ಪುಸ್ತಕಕ್ಕೆಂದು ಪರದೆಯನ್ನು ಸಿದ್ಧಪಡಿಸುತ್ತಿತ್ತು. ಸಾವಿರಕ್ಕಿಂತ ಕೆಳಗಿನ ಸಂಖ್ಯೆಯವು ನಮ್ಮಲ್ಲಿಯ ಹಳೆಯ ಪುಸ್ತಕಗಳು. ಅವನ್ನು ಕೇಳಿ ಓದುವವರೇ ಕಡಮೆ. ಕೇಳಿ ಓದಿದವಳಿಗೆ ದಂಡ ಬಿದ್ದಿತು.

ಸಂಖ್ಯೆ ಸಿಕ್ಕಲಿಲ್ಲವೆಂಬ ಸಂದೇಶವನ್ನು ನಮ್ಮ ವಿದ್ಯಾರ್ಥಿ ಬರೆದೇ ಇದ್ದನು, ಆದರೆ ಇನ್ಫೋ ಮಟ್ಟದಲ್ಲಿ. ಏಕೆಂದು ಕೇಳಿದೆವು. 'ತಂತ್ರಾಂಶ ನಿಂತಿರಲಿಲ್ಲವಲ್ಲ ಸರ್, ಮುಂದೆ ಸಾಗುತ್ತಿತ್ತು' ಎಂದನು. ಯಂತ್ರದ ಕಡೆಯಿಂದ ನೋಡಿದರೆ ಅವನ ಮಾತು ಸರಿ. ಪುಸ್ತಕ ಮರಳಿಸಲು ಬಂದವಳ ಕಡೆಯಿಂದ ನೋಡಿದರೆ ಆಕೆಯ ಕೆಲಸ ಆಗಲಿಲ್ಲ, ಆಕೆಗೆ ಅದು ತಿಳಿಯಲೂ ಇಲ್ಲ. ಅದು ೪೦ರ ಸಂದೇಶ. ಮಟ್ಟವನ್ನು ಗೊತ್ತುಮಾಡುವಾಗ ತಂತ್ರಾಂಶದ ಕ್ಷೇಮವನ್ನಲ್ಲ, ಅದನ್ನು ನಂಬಿ ನಿಂತವರ ಕೆಲಸವನ್ನು ಕುರಿತು ಕೇಳಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಕಪಾಟುಗಳನ್ನು ಪಟ್ಟಿಯೊಡನೆ ತಾಳೆ ನೋಡಿದಾಗ ಇಂಥ ಪುಸ್ತಕಗಳು ಹನ್ನೊಂದು ಸಿಕ್ಕಿದುವು. ಇನ್ನಿಬ್ಬರು ದಂಡ ಕಟ್ಟಿದ್ದರು.

ಆದರೆ ಎಲ್ಲವನ್ನೂ ೧೦ಕ್ಕೆ ಇಳಿಸಿದುದರಿಂದ ಹೊಸ ಪೀಡೆಯೊಂದು ಬಂದಿತು. ನಾವು ಬರೆದ ಭಾಗಗಳಷ್ಟೇ ಅಲ್ಲದೆ, ನಾವು ಬಳಸಿದ ಇತರರ ಭಾಗಗಳೂ ಮಾತನಾಡತೊಡಗಿದುವು. ಒಂದೇ ದಿನದಲ್ಲಿ ಮೂವತ್ತು ಸಾವಿರ ಸಾಲುಗಳು. ಅದಕ್ಕಿಂತ ಕೆಟ್ಟದೆಂದರೆ, ವಿದ್ಯಾರ್ಥಿಗಳು ಒತ್ತುವ ಗುಪ್ತ ಸಂಖ್ಯೆಗಳು ಡೀಬಗ್ ಸಾಲುಗಳಲ್ಲಿ ಬಿಚ್ಚುಬರೆಹದಲ್ಲಿ ಬಂದು ಕುಳಿತಿದ್ದುವು. ದೊಡ್ಡವರೂ ಈ ತಪ್ಪನ್ನು ಮಾಡಿದ್ದಾರೆ. ೨೦೧೮ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯು, ಬಳಕೆದಾರರ ಗುಪ್ತಪದಗಳು ತನ್ನ ಒಳಗಿನ ದಿನವಹಿಯೊಂದರಲ್ಲಿ ಮರೆಮಾಚದೆ ದಾಖಲಾಗಿದ್ದುವೆಂದು ಪ್ರಕಟಿಸಿ, ಅವನ್ನು ಬದಲಿಸಿಕೊಳ್ಳುವಂತೆ ೩೩ ಕೋಟಿ ಬಳಕೆದಾರರಿಗೆ ಸೂಚಿಸಬೇಕಾಯಿತು. ಹೊಸ್ತಿಲು ಎತ್ತರವಿದೆಯೆಂಬ ಧೈರ್ಯದಿಂದ ಗುಟ್ಟನ್ನು ಡೀಬಗ್ ಮಟ್ಟದಲ್ಲಿ ಬರೆಯಲಾಗದು. ಎಂದಾದರೊಂದು ದಿನ ಯಾರಾದರೂ ಹೊಸ್ತಿಲನ್ನು ಇಳಿಸಿಯೇ ಇಳಿಸುವರು. ನಾವು ಆ ಕಡತವನ್ನು ಅಳಿಸಿ, ಗುಪ್ತ ಸಂಖ್ಯೆಗಳನ್ನೆಲ್ಲ ಬದಲಾಯಿಸಿದೆವು.

ಹಾಗಾದರೆ ಬೇಕಾದ ಭಾಗಕ್ಕೆ ಮಾತ್ರ ಹೊಸ್ತಿಲನ್ನು ತಗ್ಗಿಸುವುದು ಹೇಗೆ? ದಿನವಹಿ ಬರೆಯುವ ಪ್ರತಿಯೊಂದು ಭಾಗಕ್ಕೂ ಹೆಸರಿರುತ್ತದೆ. 'ಗ್ರಂಥಾಲಯ' ಎಂಬುದೊಂದು ಹೆಸರು, ಚುಕ್ಕೆಯಿಟ್ಟು 'ಗ್ರಂಥಾಲಯ.ಮರಳಿಕೆ' ಎಂದರೆ ಅದರ ಮಗು. ಎಲ್ಲಕ್ಕೂ ಮೇಲೆ ಮೂಲ. ಅವಿಭಕ್ತ ಕುಟುಂಬದಲ್ಲಿ ಮಗನು ತನ್ನದೇ ನಿರ್ಣಯವನ್ನು ಹೇಳದಿದ್ದರೆ ತಂದೆಯದು, ತಂದೆಯೂ ಹೇಳದಿದ್ದರೆ ಅಜ್ಜನದು ನಡೆಯುವಂತೆ, ತನ್ನದೇ ಹೊಸ್ತಿಲಿಲ್ಲದ ಭಾಗಕ್ಕೆ ಮೇಲಿನದರ ಹೊಸ್ತಿಲು ಅನ್ವಯಿಸುತ್ತದೆ. ಆದುದರಿಂದ ಮೂಲವನ್ನು ೩೦ರಲ್ಲಿಯೇ ಬಿಟ್ಟು, ಮರಳಿಕೆಯ ಭಾಗವನ್ನಷ್ಟೇ ೧೦ಕ್ಕೆ ಇಳಿಸಬಹುದು. ಹೊರಗಿನವರ ಭಾಗಗಳು ಸುಮ್ಮನಿರುವುವು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಸಂಜೆಯೆಲ್ಲ ಕಳೆದರು. ಸಂದೇಶಕ್ಕೆ ಎರಡು ಬಾಗಿಲುಗಳಿವೆ. ಮೊದಲನೆಯದು ಬರೆಯುವ ಭಾಗದ್ದು. ಎರಡನೆಯದು ಸಂದೇಶವನ್ನು ಕಡತಕ್ಕೋ ಪರದೆಗೋ ಸಾಗಿಸುವ ಹ್ಯಾಂಡ್ಲರಿನದು. ಎರಡಕ್ಕೂ ಪ್ರತ್ಯೇಕ ಹೊಸ್ತಿಲುಂಟು. ಅವರು ಹ್ಯಾಂಡ್ಲರನ್ನು ೧೦ಕ್ಕೆ ಇಳಿಸಿ, ಭಾಗವನ್ನು ೩೦ರಲ್ಲಿಯೇ ಬಿಟ್ಟು, ಕಡತದಲ್ಲಿ ಏನೂ ಬರುತ್ತಿಲ್ಲವೆಂದು ತಲೆ ಕೆರೆದುಕೊಂಡರು. ಮೊದಲ ಬಾಗಿಲಲ್ಲಿ ತಡೆದುದು ಎರಡನೆಯ ಬಾಗಿಲಿಗೆ ಬರುವುದೆಂತು? ಇದಕ್ಕೆ ತಿರುಗಾಮುರುಗಾ ಇನ್ನೊಂದು ಸೂಕ್ಷ್ಮವೂ ಇದೆ. ಮಗುವಿನ ಬಾಗಿಲನ್ನು ದಾಟಿದ ಸಂದೇಶವು ಮೇಲಕ್ಕೆ ಸಾಗಿ ಮೂಲದ ಹ್ಯಾಂಡ್ಲರುಗಳನ್ನು ಸೇರುವಾಗ, ಮೂಲದ ಹೊಸ್ತಿಲು ಎಷ್ಟೆಂದು ಯಾರೂ ಕೇಳುವುದಿಲ್ಲ. ಹ್ಯಾಂಡ್ಲರಿನ ಹೊಸ್ತಿಲೊಂದೇ ಲೆಕ್ಕಕ್ಕೆ. ಮೂಲವು ೩೦ ಇದ್ದರೂ ಮಗುವಿನ ೧೦ರ ಸಂದೇಶ ಕಡತಕ್ಕೆ ಬರುವುದು ಇದೇ ಕಾರಣದಿಂದ.

ಈಗಿನ ಏರ್ಪಾಡು ಹೀಗಿದೆ. 'ಗ್ರಂಥಾಲಯ' ೨೦, ಮೂಲ ೩೦. ಕಡತದ ಹ್ಯಾಂಡ್ಲರಿಗೆ ೧೦, ಪರದೆಯ ಹ್ಯಾಂಡ್ಲರಿಗೆ ೪೦. ಆದುದರಿಂದ ನಿತ್ಯದ ಸುದ್ದಿ ಕಡತಕ್ಕೆ ಹೋಗುವುದು, ದೋಷವು ಗ್ರಂಥಪಾಲಕರ ಕಣ್ಣೆದುರಿಗೂ ಬರುವುದು. ಕಡತವು ಒಂದು ಮೆಗಾಬೈಟನ್ನು ತಲುಪಿದೊಡನೆ ಅದನ್ನು ಬದಿಗಿಟ್ಟು ಹೊಸದು ತೆರೆಯುವುದು; ಹಳೆಯವು ಐದು ಉಳಿಯುವುವು. ಎಷ್ಟು ಉಳಿಯಬೇಕೆಂಬ ಈ ಅಂಕೆಯನ್ನು ಸೊನ್ನೆಯಾಗಿ ಬಿಟ್ಟರೆ ಕಡತವು ಮಿತಿಯನ್ನು ಲೆಕ್ಕಿಸದೆ ಬೆಳೆಯುತ್ತಲೇ ಹೋಗುವುದೆಂಬುದನ್ನು ನಾವು ಕೈಪಿಡಿಯನ್ನು ಓದಿ ತಿಳಿದೆವು, ಈ ಒಮ್ಮೆ ಮಾತ್ರ ಪೆಟ್ಟು ತಿನ್ನದೆ. ಈ ಅಂಕೆಗಳೆಲ್ಲ ತಂತ್ರಾಂಶದ ಒಳಗಿಲ್ಲ, ಪ್ರತ್ಯೇಕವಾದ ಏರ್ಪಾಡು ಕಡತದಲ್ಲಿವೆ; ಒಂದು ಶಬ್ದವನ್ನು ತಿದ್ದಿ ತಂತ್ರಾಂಶವನ್ನು ಮತ್ತೆ ಆರಂಭಿಸಿದರೆ ಸಾಕು.

ಸಂಖ್ಯೆ ಸಿಕ್ಕಲಿಲ್ಲವೆಂಬ ಸಂದೇಶವು ೪೦ಕ್ಕೆ ಏರಿತು. ಪುಸ್ತಕದ ಸಂಖ್ಯೆಯನ್ನು ಈಗ ಅಕ್ಷರಗಳಾಗಿಯೇ ಓದಲಾಗುತ್ತಿದೆ. ಮೂವರ ದಂಡವನ್ನು ಮರಳಿಸಿ ಶಾಲೆಯ ನಗದು ಪುಸ್ತಕದಲ್ಲಿ ನಮೂದಿಸಿದೆವು. ಎಂಟನೆಯ ಇಯತ್ತೆಯ ಆ ಹುಡುಗಿಯ ಮನೆಗೆ ನಾವೇ ಹೋಗಿ ಆಕೆಯ ತಾಯಿಯೊಡನೆ ಮಾತನಾಡಿ ಬಂದೆವು. ಹೊಸ್ತಿಲನ್ನು ತಗ್ಗಿಸಿದವರು ತಮ್ಮ ಹೆಸರು, ದಿನ, ಮತ್ತೆ ಏರಿಸಬೇಕಾದ ದಿನ ಇವನ್ನು ಬರೆಯುವುದಕ್ಕೆಂದು ಗ್ರಂಥಪಾಲಕರ ಮೇಜಿನ ಮೇಲೆ ಕಾಗದದ ವಹಿಯೊಂದನ್ನು ಇರಿಸಲಾಗಿದೆ.